ಬಸವನ ಕಾಲು ತೊಯ್ಯುವ ಮುನ್ನ

ಚನ್ನಗಿರಿಯಲ್ಲಿ ಶಶಿಯ ತವರುಮನೆಯ ಬಚ್ಚಲಲ್ಲಿ ಮೊನ್ನೆ ನಾವು ನಾಲ್ವರು ಹೆಂಗಸರಿದ್ದೆವು. ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು ಗೋಡೆಗೊರಗಿ ಕೂತ ಬಾಣಂತಿ ಶಶಿ, ನನ್ನ ಎಂ.ಎಸ್ಸಿ. ದಿನಗಳ ಗೆಳತಿ. ಹಂಡೆಗೆ ಕೈಯದ್ದಿ ನೀರಿನ ಹದ ನೋಡುತ್ತಿದ್ದ ಅವಳ ತಾಯಿ ವಿಶಾಲಾಕ್ಷಮ್ಮ. ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದ ನೀಲಮ್ಮಜ್ಜಿ. ಗಾಳಿ ಬರದ ಹಾಗೆ ಬಾಗಿಲಿಗೆ ಅಡ್ಡ ನಿಂತು ಟವೆಲ್ ಹಿಡಿದುಕೊಂಡಿದ್ದ ನಾನು. ಕೂಸನ್ನು ಸೇರಿಸಿದರೆ ಐವರು, ಎಲ್ಲರಿಗಿಂತ ಗಟ್ಟಿ ದನಿ ಅದರದ್ದೇ.

ಎರೆದಾದ ಮೇಲೆ ನೀಲಮ್ಮಜ್ಜಿ ಕೆಂಡದ ಮೇಲೆ ಒಂದು ಚಿಟಿಕೆ ಲೋಬಾನ ಉದುರಿಸಿದಳು. ಹೊಗೆ ಮೆಲ್ಲಗೆ ಎದ್ದು ಸಣ್ಣ ಬಚ್ಚಲನ್ನೆಲ್ಲ ತುಂಬಿತು. ಶಶಿ ಕಣ್ಣು ಮುಚ್ಚಿಕೊಂಡೇ, "ಮಂಜಿ, ಹೊಳೆಬೆನ್ನೂರು" ಅಂದಳು.

ನನಗೂ ಅದೇ ನೆನಪಾಗಿತ್ತು. ಇಬ್ಬರೂ ನಗತೊಡಗಿದೆವು. ವಿಶಾಲಾಕ್ಷಮ್ಮನವರಿಗೆ ಸಿಟ್ಟು ಬಂತು. "ಬಾಣಂತಿ ಹಂಗೆ ಹಲ್ಲು ಬಿಟ್ಟು ನಗಬಾರ್ದು ಕಣೇ, ಹೊಟ್ಟಿಗೆ ಗಾಳಿ ಹೋಗ್ತತೆ. ಅದೆಂಥಾ ಊರು, ಅಷ್ಟು ನಗಾಕೆ?"

ಆವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸಮಾಧಾನವಾಗಿ ಹೇಳುತ್ತೇನೆ.

ನಾನು ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ನಮ್ಮ ಕಡೆ ಮಳೆಗಾಲವೆಂದರೆ ಮೋಡ ನೋಡುವುದು. ನೋಡಿ ನೋಡಿ ಕತ್ತು ನೋಯಿಸಿಕೊಂಡ ಮೇಲೆ ನಾಲ್ಕು ಹನಿ ಬಿದ್ದರೆ ಅದರ ಸುದ್ದಿಯನ್ನು ವಾರವಿಡೀ ಹೇಳಿಕೊಂಡು ತಿರುಗುವುದು. ಹೊಳೆ ಎಂಬುದನ್ನು ನಾನು ಸರಿಯಾಗಿ ಕಂಡದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ಹಾಗಿರುವಾಗ ವಿಶ್ವವಿದ್ಯಾಲಯದಲ್ಲಿ ಭೂಗೋಳಶಾಸ್ತ್ರದ ಎರಡನೇ ವರ್ಷಕ್ಕೆ ನಾನು ಆರಿಸಿಕೊಂಡ ವಿಷಯ ನೈಸರ್ಗಿಕ ವಿಕೋಪಗಳು ಮತ್ತು ಸಮುದಾಯದ ಸಿದ್ಧತೆ. ಭೂಕಂಪ, ಚಂಡಮಾರುತ, ಭೂಕುಸಿತ ಎಲ್ಲವನ್ನೂ ಓದಿದೆವು. ಕೊನೆಗೆ ಒಂದು ಊರು ಹಿಡಿದು, ಆ ಊರಿಗೆ ಆಪತ್ತು ಬಂದರೆ ಯಾರು ಎಲ್ಲಿಗೆ ಹೋಗಬೇಕು, ಯಾರು ಯಾರನ್ನು ಕರೆದುಕೊಂಡು ಹೋಗಬೇಕು ಎಂಬ ಯೋಜನೆಯನ್ನು ಊರವರ ಜೊತೆ ಕೂತು ಮಾಡಿಕೊಂಡು ಬರಬೇಕಿತ್ತು. ನನಗೂ ಶಶಿಗೂ ಸೇರಿಸಿ ಬಿದ್ದದ್ದು ಹೊನ್ನಾಳಿಯ ಕೆಳಗೆ, ತುಂಗಭದ್ರೆಯ ದಂಡೆಯ ಹೊಳೆಬೆನ್ನೂರು.

ನಮ್ಮ ಮಾರ್ಗದರ್ಶಕರು ಹಾಲಪ್ಪ ಮೇಷ್ಟ್ರು. ಕಳಿಸುವ ಮುಂಚೆ ಅವರು ಹೇಳಿದ್ದು ಇಷ್ಟೇ: "ಹೋದ ತಕ್ಷಣ ಪೆನ್ನು ತೆಗೀಬೇಡ್ರಮ್ಮ. ಮೊದಲು ಅಲ್ಲಿ ಕಾಪಿ ಕುಡೀರಿ."

ನ್ಯಾಮತಿಯಲ್ಲಿ ಶಶಿಯ ಚಿಕ್ಕಮ್ಮನ ಮನೆ ಇತ್ತು. ಅಲ್ಲಿ ಉಳಿದುಕೊಂಡೆವು. ಬೆಳಗಿನ ಬಸ್ಸಿಗೆ ಹೊನ್ನಾಳಿ, ಅಲ್ಲಿಂದ ಆಟೋದಲ್ಲಿ ಹೊಳೆಬೆನ್ನೂರು. ಜೂನ್ ಮುಗಿಯುತ್ತಾ ಬಂದಿತ್ತು. ದಂಡೆಯ ಗದ್ದೆಗಳಲ್ಲಿ ಕೆಸರು ಹದವಾಗುತ್ತಿತ್ತು, ಬೇಲಿಯ ಮೇಲೆಲ್ಲ ಹೀರೆಯ ಹಳದಿ ಹೂವು. ನನ್ನ ಕಣ್ಣಿಗೆ ಎಲ್ಲ ಹಸಿರೂ ದುಂದು ಎನಿಸುತ್ತಿತ್ತು.

ಊರು ಎರಡು ಕೇರಿ. ದಿಣ್ಣೆಯ ಮೇಲೆ ಮೇಲ್ಕೇರಿ, ಹೊಳೆಯ ಮಗ್ಗುಲಿಗೆ ಕೆಳಕೇರಿ. ಕೆಳಕೇರಿಯ ಕೊನೆಯ ಮನೆ ರತ್ನಕ್ಕನದು. ಮೊದಲ ದಿನ ನಮ್ಮನ್ನು ಒಳಗೆ ಕರೆದು ಕಾಪಿ ಕೊಟ್ಟದ್ದು ಅವರೇ. ಗಂಡ ಬಸಣ್ಣ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಗಳು ಸುಮಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ತಿರುಗುತ್ತಿದ್ದಳು.

"ಯಾವೂರು ತಂಗಿ?" ಎಂದು ಬಸಣ್ಣ ಕೇಳಿದರು.

"ಸೊಕ್ಕೆ. ಜಗಳೂರು ಹತ್ರ."

ಅವರ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. "ಲೇ ರತ್ನ, ಬಾ ಇಲ್ಲಿ! ಜಗಳೂರಿನೋರು ನಮಗೆ ನೆರೆ ಪಾಠ ಹೇಳಾಕೆ ಬಂದಾರೆ. ನಾಳೆ ನಾವೂ ಅವರೂರಿಗೆ ಈಜು ಕಲ್ಸಾಕೆ ಹೋಗಾನ."

"ಬರ್ರಿ ಅಣ್ಣ, ನಮ್ಮೂರ ಕೆರಿಯಾಗೆ ಮುಳುಗೋ ಭಯ ಇಲ್ಲ, ಆಟ ಆಡೋ ಹುಡುಗ್ರು ಎದ್ದು ಜಾಗ ಕೊಡ್ಬೇಕಷ್ಟೆ" ಅಂದೆ. ಬಸಣ್ಣ ಎಲೆಯಡಿಕೆ ನೆತ್ತಿಗೇರುವಷ್ಟು ನಕ್ಕರು. ಅಲ್ಲಿಂದ ಮುಂದೆ ಆ ಮನೆ ನಮ್ಮದಾಯಿತು.

ಬಸಣ್ಣನೇ ನಮ್ಮನ್ನು ಹೊಳೆಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಬಸವನನ್ನು ತೋರಿಸಿದರು. ಕಲ್ಲಿನ ಮೆಟ್ಟಿಲುಗಳ ನಡುವೆ, ಒಂದು ಮೆಟ್ಟಿಲಿನ ಮಗ್ಗುಲಿಗೆ ಸಣ್ಣ ಬಸವನ ಉಬ್ಬುಶಿಲ್ಪ. ನೀರು ಏರುತ್ತಾ ಬಂದು ಆ ಬಸವನ ಕಾಲು ತೊಯ್ದರೆ ಊರ ಗುಡಿಯ ಗಂಟೆ ಹೊಡೆಯುತ್ತಾರೆ. ಹೆಂಗಸರು ಹೂವು, ಅರಿಶಿನ, ಕುಂಕುಮ ತಂದು ಹೊಳೆಗೆ ಬಿಡುತ್ತಾರೆ. ಆಮೇಲೆ ಕೆಳಕೇರಿಯವರು ಕಾಳಿನ ಚೀಲ ಅಟ್ಟಕ್ಕೆ ಏರಿಸಿ, ದನ ಬಿಚ್ಚಿಕೊಂಡು ದಿಣ್ಣೆ ಹತ್ತುತ್ತಾರೆ. ಅಲ್ಲಿಯವರೆಗೆ ಯಾರೂ ಏಳುವುದಿಲ್ಲ. ಮಳೆಗಾಲದಲ್ಲಿ ದಿನಾ ಹೋಗಿ ಬಸವನನ್ನು ನೋಡಿ ಬರುವುದು ಬಸಣ್ಣನ ಮನೆತನಕ್ಕೆ ಬಂದ ಕೆಲಸ. ಅವರ ತಂದೆ ಮಾಡುತ್ತಿದ್ದರು, ಅಜ್ಜ ಮಾಡುತ್ತಿದ್ದರು.

"ನೀವು ಪುಸ್ತಕದಾಗೆ ಏನು ಬರ್ಕೊಂಡೀರೋ ಗೊತ್ತಿಲ್ಲ. ನಮ್ಮದು ಇಷ್ಟೇ ಯೋಜನೆ" ಎಂದು ಬಸಣ್ಣ ಬಸವನ ಕೋಡಿಗೆ ಅಂಟಿದ್ದ ಪಾಚಿಯನ್ನು ಬೆರಳಿನಿಂದ ಕೆರೆದರು.

ನನಗೆ ಅದು ಬಹಳ ಹಿಡಿಸಿತು. ಮೇಷ್ಟ್ರು ತರಗತಿಯಲ್ಲಿ ಹೇಳುತ್ತಿದ್ದ ಮುನ್ನೆಚ್ಚರಿಕೆ ವ್ಯವಸ್ಥೆ ಎಂದರೆ ಇದೇ ಅಲ್ಲವೇ ಎಂದು ಶಶಿಗೆ ಹೇಳಿದೆ. ಶಶಿ ಚನ್ನಗಿರಿಯ ಅಡಿಕೆ ವ್ಯಾಪಾರಿಯ ಮಗಳು. ನಲ್ಲೂರಿನಿಂದ ಬರುವ ಚೀಲಗಳ ಬಾಯಿ ಬಿಚ್ಚಿಸಿ, ಮೇಲಿನ ಅಡಿಕೆಯನ್ನು ಸರಿಸಿ, ತಳಕ್ಕೆ ಕೈ ಹಾಕುವುದನ್ನು ನೋಡುತ್ತಲೇ ಬೆಳೆದವಳು. "ಇರು, ಹಿಂದಿನ ಮಗ್ಗುಲು ನೋಡೋಣ" ಅಂದಳು.

ಹಿಂದಿನ ಮಗ್ಗುಲಲ್ಲಿ ಒಂದು ಹಳ್ಳವಿತ್ತು. ಕೆಳಕೇರಿಯ ಹಿತ್ತಲುಗಳ ಬೆನ್ನಿಗೆ ಹರಿದು, ಊರು ದಾಟಿ ಹೊಳೆಗೆ ಸೇರುವ ಹಳ್ಳ. ನಾವು ಗುಡಿಯ ಅಂಗಳದಲ್ಲಿ ಹೆಂಗಸರನ್ನೆಲ್ಲ ಸೇರಿಸಿ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿದಾಗ ಆ ಹಳ್ಳವನ್ನು ಯಾರೂ ಬರೆಯಲೇ ಇಲ್ಲ. ಹೊಳೆಯನ್ನು ಅಲೆ ಅಲೆಯಾಗಿ, ಮೀನು ಸಮೇತ ಬರೆದರು. ಬಸವನಿಗೆ ಹೂವಿಟ್ಟರು. ತಮ್ಮ ತಮ್ಮ ಮನೆಗೆ ಅವರವರೇ ಕೆಂಪು ಬಣ್ಣ ತುಂಬಿದರು. ರತ್ನಕ್ಕ ತಮ್ಮ ಮನೆಯನ್ನು ಗುಡಿಗಿಂತ ದೊಡ್ಡದಾಗಿ ಬರೆದದ್ದಕ್ಕೆ ದೊಡ್ಡ ತಕರಾರೇ ಆಯಿತು.

"ಹಳ್ಳ ಎಲ್ಲಿ ಅಕ್ಕ?" ಎಂದು ಶಶಿ ಕೇಳಿದಳು.

"ಅಯ್ಯೋ, ಅದೆಂಥಾ ಹಳ್ಳ, ಬಟ್ಟೆ ತೊಳಿಯೋ ಕಾಲುವೆ" ಎಂದು ಎಲ್ಲರೂ ನಕ್ಕರು. ಹಿಂದೆ ಹಳ್ಳದ ಬಾಯಲ್ಲಿ ಒಂದು ಮಣ್ಣಿನ ದಿಬ್ಬವಿತ್ತು, ಹೊಳೆ ಎಷ್ಟೇ ಏರಿದರೂ ಆ ದಿಬ್ಬ ದಾಟಿ ನೀರು ಹಿಂದಕ್ಕೆ ಬರುತ್ತಿರಲಿಲ್ಲ ಎಂದು ಹೇಳಿದರು.

"ಈಗ ದಿಬ್ಬ ಎಲ್ಲಿ?"

ರತ್ನಕ್ಕ ನಕ್ಷೆಯಲ್ಲಿನ ತಮ್ಮ ಮನೆಯ ಮೇಲೆ ಬೆರಳಿಟ್ಟರು. ಬಂಗಾರದಂಥ ಜಿಗುಟು ಮಣ್ಣು ಅದು. ಕೆಲವು ವರ್ಷಗಳಿಂದ ಕೆರೆದು ಕೆರೆದು ಊರವರೇ ಇಟ್ಟಿಗೆ ಸುಟ್ಟಿದ್ದರು. ಆಮೇಲೆ ಹೊಳೆ ಅಷ್ಟು ಏರಿರಲೂ ಇಲ್ಲ. ಮೇಲ್ಕೇರಿಯ ಎರಡು ತಾರಸಿ ಮನೆ, ಗುಡಿಯ ಪೌಳಿ, ರತ್ನಕ್ಕನ ಹೊಸ ಬಚ್ಚಲು, ಎಲ್ಲವೂ ಆ ದಿಬ್ಬವೇ. ಹೊಳೆಯನ್ನು ತಡೆಯುತ್ತಿದ್ದುದನ್ನು ಗೋಡೆ ಮಾಡಿಕೊಂಡು, ಬಸವನನ್ನು ಮಾತ್ರ ಮೊದಲಿನಂತೆ ಕಾಯುತ್ತಾ ಕೂತಿದ್ದರು.

ನ್ಯಾಮತಿಯ ಹಾರ್ಡ್‌ವೇರ್ ಅಂಗಡಿಯಿಂದ ಗೌಂಡಿಗಳು ಮಟ್ಟ ನೋಡಲು ಹಿಡಿಯುವಂಥ ಪಾರದರ್ಶಕ ಪೈಪು ತಂದೆವು. ನೀರು ಕಾಣಲಿ ಎಂದು ಒಂದು ಚಮಚ ಅರಿಶಿನ ಕದಡಿದೆವು. ಪೈಪಿನ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದನ್ನೇ ಹಿಡಿದು ಬಸವನ ಕಾಲಿನಿಂದ ಶುರುಮಾಡಿ, ಗುರುತು ಹಾಕುತ್ತಾ ಹಾಕುತ್ತಾ, ಸಂದಿಗೊಂದಿ ಸುತ್ತಿ ರತ್ನಕ್ಕನ ಹಿತ್ತಲಿಗೆ ಬಂದೆವು. ಬಸಣ್ಣ "ಏನು, ಹೊಳೆಗೆ ಗ್ಲೂಕೋಸ್ ಹಾಕ್ತೀರಾ?" ಎಂದು ಹಿಂದೆಯೇ ಬಂದರು. ಕೊನೆಯ ಗುರುತು ಬಿದ್ದದ್ದು ಅವರ ಬಚ್ಚಲ ಗೋಡೆಯ ಮೇಲೆ, ನೆಲದಿಂದ ಒಂದು ಮೊಳ ಎತ್ತರಕ್ಕೆ. ಅಂದರೆ ಮುಂದೆ ಬಸವನ ಕಾಲು ತೊಯ್ಯುವ ಹೊತ್ತಿಗೆ ಹಿಂದೆ ಈ ಹಿತ್ತಲಲ್ಲಿ ಒಂದು ಮೊಳ ನೀರು ನಿಂತಿರುತ್ತದೆ.

ಬಸಣ್ಣ ಬಗ್ಗಿ ಆ ಗುರುತನ್ನು ನೋಡಿದರು, ಎದ್ದರು, ಮತ್ತೆ ಬಗ್ಗಿದರು. "ಪೈಪು ಎಲ್ಲೋ ಸೊಟ್ಟ ಹಿಡಿದೀರಿ" ಅಂದರು. ಮಾರನೆ ದಿನ ಅವರೇ ಒಂದು ತುದಿ ಹಿಡಿದರು. ಗುರುತು ಅಲ್ಲೇ ಬಿತ್ತು. ಆದರೂ ನಂಬಿಕೆ ಬರಲಿಲ್ಲ ಅವರಿಗೆ. ಅಪ್ಪ, ಅಜ್ಜ ಕಾದ ಬಸವನನ್ನು ಒಂದು ಪೈಪಿನ ಮಾತು ಕೇಳಿ ಬಿಡುವುದು ಹೇಗೆ?

ಜುಲೈ ನಡುವೆ ಸುಮಾ ಹೊನ್ನಾಳಿಯ ಆಸ್ಪತ್ರೆಯಲ್ಲಿ ಹೆತ್ತಳು. ಹೆಣ್ಣು ಕೂಸು. ಮನೆಗೆ ಕರೆತಂದು ಹಿತ್ತಲ ಕಡೆಯ ಕೋಣೆಯಲ್ಲಿ ಬಾಣಂತನಕ್ಕೆ ಕೂರಿಸಿದರು. ಬಚ್ಚಲು ಅಲ್ಲೇ ಪಕ್ಕದಲ್ಲಿ, ಗಾಳಿ ಆಡದ ಕೋಣೆ, ಹೊರಸಿನ ಕೆಳಗೆ ಕೆಂಡದ ಬಟ್ಟಲು. ನಾವು ಹೋದಾಗಲೆಲ್ಲ ಲೋಬಾನದ ಹೊಗೆ ಜಗಲಿಯವರೆಗೆ ಬರುತ್ತಿತ್ತು. ಮನೆಯಲ್ಲೇ ಎಲ್ಲಕ್ಕಿಂತ ತಗ್ಗಿನ ಕೋಣೆ ಅದು. ಒಂದು ಮೊಳದ ಗುರುತು ಅದರ ಗೋಡೆಯ ಆಚೆಗೆ, ಬಚ್ಚಲ ಬದಿಗೆ ಇತ್ತು. ಶಶಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಅದೇ ವಾರ ಘಟ್ಟದ ಮೇಲೆ ಮಳೆ ಹಿಡಿಯಿತು. ಹೊಳೆಬೆನ್ನೂರಲ್ಲಿ ಜಿನುಗು ಅಷ್ಟೇ. ಒಂದು ಬೆಳಿಗ್ಗೆ ನಾವು ಊರಿಗೆ ಬರುವ ಹೊತ್ತಿಗೆ ಪಂಚಾಯ್ತಿಯ ಆಟೋ ಮೈಕು ಕಟ್ಟಿಕೊಂಡು ತಿರುಗುತ್ತಿತ್ತು. ಮೇಲಿನ ಅಣೆಕಟ್ಟೆಗಳಿಂದ ಹೊಳೆಗೆ ಹೆಚ್ಚು ನೀರು ಬಿಡುತ್ತಾರೆ, ತಗ್ಗಿನವರು ಶಾಲೆಯ ಕಾಳಜಿ ಕೇಂದ್ರಕ್ಕೆ ಹೋಗಬೇಕು. ಕೆಳಕೇರಿಯಲ್ಲಿ ಯಾರೂ ಅಲ್ಲಾಡಲಿಲ್ಲ. ಬಸಣ್ಣ ಆಗಲೇ ಮೆಟ್ಟಿಲಿಗೆ ಹೋಗಿ ಬಂದಿದ್ದರು.

"ಬಸವ ಇನ್ನೂ ಒಣಗೇ ಅವ್ನೆ. ಎರಡು ಮೆಟ್ಟಿಲು ಬಾಕಿ ಐತೆ."

ನಾನು ಹಿತ್ತಲಿಗೆ ಓಡಿ ನೋಡಿದೆ. ಹಳ್ಳ ಹರಿಯುತ್ತಿರಲಿಲ್ಲ. ನಿಂತಿತ್ತು. ಸ್ವಲ್ಪ ಹೊತ್ತು ನೋಡಿದರೆ, ಮೇಲೆ ತೇಲುತ್ತಿದ್ದ ತರಗೆಲೆ ಹೊಳೆಯ ಕಡೆಯಿಂದ ಊರಿನ ಕಡೆಗೆ ಬರುತ್ತಿತ್ತು. ತಿರುಗಿ ಒಳಗೆ ಓಡಿದೆ.

"ರತ್ನಕ್ಕ, ಸುಮಾನ್ನ ಈಗ್ಲೇ ಮೇಲಕ್ಕೆ ಕರ್ಕೊಂಡು ಹೋಗಾನ" ಅಂದೆ.

"ಎಲ್ಲಿಗೆ?"

"ಶಾಲಿಗೆ."

ರತ್ನಕ್ಕ ಸೆರಗು ಸಿಕ್ಕಿಸಿಕೊಂಡು ನಿಂತರು. "ಅಲ್ವೇ ಮಂಜಿ, ನೀನೂ ಹೆಣ್ಣುಮಗಳೇ ಹೌದಾ? ಹಸಿ ಬಾಣಂತೀನ ಶಾಲಿಗೆ ಕರ್ಕೊಂಡು ಹೋಗಾದಾ? ಅಲ್ಲಿ ಎರಿಯಾಕೆ ಬಚ್ಚಲು ಐತಾ? ಕಿಟಕಿಗೆ ಬಾಗ್ಲು ಐತಾ? ಊರ ಗಂಡಸರೆಲ್ಲ ಅಲ್ಲೇ ಬಿದ್ಕೊಂಡಿರ್ತಾರೆ, ನನ್ನ ಮಗಳು ಅವರ ನಡುವೆ ಕೂಸಿಗೆ ಹಾಲು ಕುಡಿಸ್ಬೇಕಾ? ನೀರು ಬಂದ್ರೆ ಬರ್ಲಿ. ಬಾಣಂತಿಗೆ ಗಾಳಿ ಬಡಿದ್ರೆ ಯಾರು ನೋಡ್ತಾರೆ?"

ನಮ್ಮ ಯೋಜನೆಯ ಕರಡಿನಲ್ಲಿ ಬಾಣಂತಿಯರನ್ನು ಮೊದಲು ಸ್ಥಳಾಂತರಿಸಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೆವು. ಎಲ್ಲಿ ಎರೆಯುತ್ತಾರೆ ಎಂದು ಬರೆದಿರಲಿಲ್ಲ.

"ಬಚ್ಚಲು, ಹಂಡೆ, ಬಾಗ್ಲು ಹಾಕ್ಕೊಳ್ಳೋ ಕೋಣೆ ಇದ್ರೆ ಬರ್ತೀರಾ?" ಎಂದು ಶಶಿ ಕೇಳಿದಳು.

"ಮೇಲ್ಕೇರಿಯಾಗೆ ಅಂಥಾದ್ದು ಯಾರ ಮನಿಯಾಗೆ ಐತೆ? ಶಾರದಮ್ಮನ ಮನಿಯಾಗೆ." ಹೆಸರು ಹೇಳಿದ ಕೂಡಲೇ ರತ್ನಕ್ಕನ ಬಾಯಿ ಬಿಗಿಯಿತು. "ಅವಳ ಮನಿಗೆ ನಾನು ಹೋಗಂಗಿಲ್ಲ."

ಆ ಕಥೆ ನಮಗೆ ಗೊತ್ತಿತ್ತು. ಶಾರದಮ್ಮನೂ ರತ್ನಕ್ಕನೂ ಒಟ್ಟಿಗೆ ಸಂಡಿಗೆ ಇಟ್ಟು, ಒಟ್ಟಿಗೆ ಸಂತೆಗೆ ಹೋಗುತ್ತಿದ್ದವರು. ಶಾರದಮ್ಮ ಮಗನ ಮದುವೆಗೆ ಎಲ್ಲರ ಮನೆಗೂ ಹೋಗಿ ಕುಂಕುಮ ಹಚ್ಚಿ ಕರೆದು, ರತ್ನಕ್ಕನನ್ನು ಮಾತ್ರ ಫೋನಿನಲ್ಲಿ ಕರೆದಿದ್ದರು. ಹೇಗೂ ನಮ್ಮವಳು ಎಂದು ಅವರ ಲೆಕ್ಕ. ನಾನೇನು ಬಿಟ್ಟಿ ಬಿದ್ದವಳಾ ಎಂದು ಇವರ ಲೆಕ್ಕ. ರತ್ನಕ್ಕ ಮದುವೆಗೆ ಹೋಗಲಿಲ್ಲ. ಅಂದಿನಿಂದ ನಲ್ಲಿಯ ಹತ್ತಿರ ಎದುರಾದರೂ ಇಬ್ಬರೂ ಕೊಡದ ಜೊತೆ ಮಾತಾಡುತ್ತಿದ್ದರು, ಒಬ್ಬರ ಜೊತೆ ಒಬ್ಬರು ಆಡುತ್ತಿರಲಿಲ್ಲ.

ನಾವಿಬ್ಬರೂ ದಿಣ್ಣೆ ಹತ್ತಿ ಓಡಿದೆವು. ಶಾರದಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ವಿಷಯ ಕೇಳಿ ಕೈ ನಿಲ್ಲಿಸಿದರು. "ಅಯ್ಯೋ, ಹೊಸ ಕೂಸು ಆ ತಗ್ಗಿನಾಗಾ? ಬರಾಕೆ ಹೇಳ್ರಿ. ನನ್ನ ಮನಿ ಬಾಗ್ಲು ಯಾವತ್ತು ಹಾಕೈತೆ?"

ಮತ್ತೆ ಕೆಳಗೆ ಓಡಿದೆವು.

"ಅವತ್ತು ಫೋನಾಗೆ ಕರೆದ್ಲು, ಇವತ್ತು ನಿಮ್ಮ ಕೈಲಿ ಹೇಳಿ ಕಳಿಸ್ಯಾಳಾ? ಅವಳಿಗೆ ಕಾಲಿಲ್ವಾ?" ಎಂದು ರತ್ನಕ್ಕ ಕೂಸಿನ ಬಟ್ಟೆ ಮಡಿಸುತ್ತಾ ಕೂತುಬಿಟ್ಟರು. ಒಳಗಿನಿಂದ ಸುಮಾ, "ಅವ್ವಾ, ಅದೇನು ಹಟ ನಿಂದು" ಅಂದಳು. "ನೀನು ಸುಮ್ಕಿರು, ಬಾಣಂತಿ ಮಾತಾಡಬಾರ್ದು" ಎಂದು ಉತ್ತರ ಬಂತು. ನಾನು ಮತ್ತೆ ಹಿತ್ತಲಿಗೆ ಹೋಗಿ ನೋಡಿದೆ. ಬಟ್ಟೆ ಒಗೆಯುವ ಕಲ್ಲು ಕಾಣುತ್ತಿರಲಿಲ್ಲ.

ಮತ್ತೆ ಮೇಲೆ ಓಡಿದೆವು. ಶಾರದಮ್ಮ "ನನ್ನ ಮೊಣಕಾಲು ನೋಡ್ರವ್ವ, ಇಳಿಜಾರು ಇಳಿದ್ರೆ ಹತ್ತಾಕೆ ಆಗಂಗಿಲ್ಲ" ಎಂದು ಶುರು ಮಾಡಿದರು. ಶಶಿ ನೇರ ದೇವರ ಗೂಡಿಗೆ ಹೋಗಿ ಕುಂಕುಮದ ಭರಣಿ ತಂದು ಅವರ ಕೈಗಿಟ್ಟಳು. "ಅತ್ತೆ, ಇಳಿಸೋದು ನಮ್ಮ ಕೆಲಸ, ಹತ್ತಿಸೋದೂ ನಮ್ಮ ಕೆಲಸ. ಕರಿಯೋದು ಮಾತ್ರ ನಿಮ್ಮದು."

ಶಾರದಮ್ಮ ಭರಣಿಯನ್ನು ನೋಡಿದರು. ಹಿಟ್ಟಿನ ಕೈ ತೊಳೆದುಕೊಂಡು, ಗೂಟದ ಮೇಲಿದ್ದ ಒಳ್ಳೆಯ ಸೀರೆ ಉಟ್ಟು ಬಂದರು. ಆ ಅವಸರದಲ್ಲಿ ಸೀರೆ ಬದಲಿಸುವುದಾ ಎಂದು ನನಗೆ ಚಡಪಡಿಕೆ. ಆದರೆ ಕರೆಯಲು ಹೋಗುವವರು ಹಳೆಸೀರೆಯಲ್ಲಿ ಹೋಗುತ್ತಾರೆಯೇ? ಒಂದೇ ಕೊಡೆಯ ಕೆಳಗೆ ಮೂವರು. ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಶಶಿಯ ಹೆಗಲ ಮೇಲೆ, ಭರಣಿ ಸೊಂಟದಲ್ಲಿ. ಹೆಜ್ಜೆಗೊಮ್ಮೆ "ಶಿವನೇ" ಎನ್ನುತ್ತಾ ಇಳಿದರು. ಕೇರಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು.

ರತ್ನಕ್ಕನ ಹೊಸಿಲ ಬಳಿ ಶಾರದಮ್ಮ ನಿಂತರು. ನೀರಿನ ವಿಷಯ ಎತ್ತಲೇ ಇಲ್ಲ.

"ರತ್ನ, ಸುಮಾ ಹೆತ್ತಳಂತೆ, ಹೆಣ್ಣು ಕೂಸಂತೆ. ನಮ್ಮನಿಯಾಗೆ ನಾಕು ದಿನ ಇಟ್ಕೊಂಡು ಎರೀಬೇಕು ಅಂತ ನಂಗೆ ಆಸೆ. ಕರಿಯಾಕೆ ಬಂದೀನಿ. ನೀನೂ ಬಾ. ನಿಮ್ಮನಿಯೋರಿಗೂ ಹೇಳು."

ರತ್ನಕ್ಕ ಎದ್ದು ಬಂದರು. ಶಾರದಮ್ಮ ಕುಂಕುಮ ಹಚ್ಚಿದರು. ಅವಸರಕ್ಕೋ ಏನೋ ಕುಂಕುಮ ಮೂಗಿನ ಮೇಲೆಲ್ಲ ಉದುರಿತು. ರತ್ನಕ್ಕ ಒರೆಸಿಕೊಳ್ಳಲಿಲ್ಲ. "ಒಳಗೆ ಬಾ. ಕಾಪಿ ಕುಡಿದು ಹೋಗಾನ" ಅಂದರು.

ಕಾಪಿ! ಹಿತ್ತಲಲ್ಲಿ ಹಳ್ಳ ಬೇಲಿಗೆ ಬಂದಿದೆ, ಇಲ್ಲಿ ಒಲೆಗೆ ಹಾಲಿಡುತ್ತಿದ್ದಾರೆ! ನಾನು ಬಾಯಿ ತೆರೆದೆ. ಶಶಿ ನನ್ನ ಕೈ ಜಿಗುಟಿದಳು. ಕರೆಯಲು ಬಂದವರನ್ನು ಕಾಪಿ ಕೊಡದೆ ಕಳಿಸಿದರೆ ಅವರ ಮನೆಗೆ ಹೋಗುವಂತಿಲ್ಲ. ಆ ಹಾಲು ಉಕ್ಕುವುದನ್ನು ಕಾದಷ್ಟು ನಾನು ಯಾವ ಪರೀಕ್ಷೆಯ ಫಲಿತಾಂಶವನ್ನೂ ಕಾದಿಲ್ಲ. ಶಾರದಮ್ಮ ಬಸಿಯಲ್ಲಿ ಸುರಿದುಕೊಂಡು ಊದಿ ಊದಿ ಕುಡಿದರು. "ಸಕ್ಕರೆ ಕಮ್ಮಿ ಆಯ್ತು" ಅಂದರು. "ನಿಂಗೆ ಶುಗರ್ ಐತೆ, ಸಾಕು" ಎಂದರು ರತ್ನಕ್ಕ. ಅಲ್ಲಿಗೆ ಜಗಳ ಮುಗಿದಿತ್ತು.

ಸುಮಾಳ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಮೈಮೇಲೆ ಕಂಬಳಿ ಹೊದಿಸಿದರು. ಕೂಸು ರತ್ನಕ್ಕನ ಸೆರಗಿನೊಳಗೆ ಮಾಯವಾಯಿತು. ಮೂಗಿನ ತುದಿ ಕೂಡ ಕಾಣಲಿಲ್ಲ. ಶಶಿ ಲೋಬಾನದ ಡಬ್ಬಿ ಹಿಡಿದಳು, ನಾನು ಹೊರಸು ಹೊತ್ತೆ. ಹಸು ತಾನೇ ಹಿಂದೆ ಬಂತು. ಮೆರವಣಿಗೆ ದಿಣ್ಣೆ ಹತ್ತುವಾಗ ಆಚೀಚೆ ಮನೆಯವರು ಕೇಳಿದರು, "ಎಲ್ಲಿಗೆ ರತ್ನಕ್ಕ?"

"ಶಾರದ ಕರೆದಾಳೆ" ಎಂದರು ರತ್ನಕ್ಕ, ಸ್ವಲ್ಪ ಗಟ್ಟಿಯಾಗಿಯೇ.

ಅದನ್ನು ಕೇಳಿದ ಮೇಲ್ಕೇರಿಯ ಹೆಂಗಸರು ಸುಮ್ಮನಿರುವುದುಂಟೆ? ಶಾರದಮ್ಮ ಒಬ್ಬಳೇ ದೊಡ್ಡವಳಾಗುವುದಾ? ಒಬ್ಬೊಬ್ಬರೇ ಭರಣಿ ಹಿಡಿದು ಇಳಿದರು. ಮೈಕಿಗೆ ಅಲ್ಲಾಡದ ಕೇರಿ ಕುಂಕುಮಕ್ಕೆ ಎದ್ದಿತು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಕೇರಿಯಲ್ಲಿ ಉಳಿದದ್ದು ಕೋಳಿಗಳು ಮತ್ತು ಮೆಟ್ಟಿಲ ಬಳಿ ಕೊಡೆ ಹಿಡಿದು ಕೂತ ಬಸಣ್ಣ. ಎಷ್ಟು ಕರೆದರೂ ಅವರು ಏಳಲಿಲ್ಲ. ಬಸವನ ಕಾಲಿಗೆ ಇನ್ನೂ ಒಂದು ಮೆಟ್ಟಿಲು ಬಾಕಿ ಇತ್ತು.

ಊಟ ಮುಗಿಸಿ ಕೈ ತೊಳೆಯುತ್ತಿದ್ದೆವು. ಬಸಣ್ಣ ಓಡುತ್ತಾ ಬಂದರು, ಪಂಚೆ ಮೊಣಕಾಲಿನವರೆಗೆ ಒದ್ದೆ. ಶಾರದಮ್ಮನ ಮನೆಯ ಒಳಕೋಣೆಯ ಬಾಗಿಲು ತಳ್ಳಿ, ಗಂಡಸರು ಬಾಣಂತಿ ಕೋಣೆಗೆ ಹೋಗಬಾರದು ಎಂಬುದನ್ನೂ ಮರೆತು ಒಳಗೆ ಇಣುಕಿದರು. ಸುಮಾ ಮಲಗಿದ್ದಳು. ಕೂಸು ಮಲಗಿತ್ತು. ಬಸಣ್ಣ ಹೊರಗೆ ಬಂದು ಕಂಬಕ್ಕೆ ಒರಗಿ ಕೂತರು.

"ಬಸವ ಒಣಗೇ ಅವ್ನೆ ಮಂಜಿ. ಮನಿಗೆ ಬೀಗ ಹಾಕಾನ ಅಂತ ಹೋದೆ. ಒಳಗೆ ನೀರು. ಆ ಕೋಣಿಯಾಗೆ ಕೆಂಡದ ಬಟ್ಲು ತೇಲ್ತಿತ್ತು."

ರತ್ನಕ್ಕ ಒಂದು ತಟ್ಟೆಯಲ್ಲಿ ರೊಟ್ಟಿ, ಪಲ್ಯ ತಂದು ಅವರ ಮುಂದಿಟ್ಟರು. "ತಿನ್ನಾಕೆ ಕುಂಕುಮ ಹಚ್ಚಿ ಕರೀಬೇಕೇನು ನಿಮ್ಮನ್ನ?" ಅಂದರು.

ನೀರು ಒಂದೆರಡು ದಿನ ಇದ್ದು ಇಳಿಯಿತು. ಹಿತ್ತಲ ಬಚ್ಚಲ ಗೋಡೆ ಕುಸಿದಿತ್ತು, ಕೋಣೆಯಲ್ಲಿ ಪಾದ ಹೂತುಹೋಗುವಷ್ಟು ಕೆಸರು. ನಾನೂ ಶಶಿಯೂ ಪೊರಕೆ, ಸಲಿಕೆ ಹಿಡಿದು ನಿಂತೆವು. ಸಲಿಕೆಯಿಂದ ಕೆಸರು ಬಾಚುತ್ತಾ ಬಸಣ್ಣ, "ದಿಬ್ಬ ವಾಪಸ್ ಬಂದೈತೆ ನೋಡ್ರಿ, ಮನಿ ಒಳಕ್ಕೇ" ಅಂದರು. ಮಾರನೆ ವಾರ ಬಿದ್ದ ಬಚ್ಚಲ ಗೋಡೆಯ ಮೇಲಿನ ಗುರುತಿನ ಬದಲು ಹಿತ್ತಲಲ್ಲಿ ಒಂದು ಕಲ್ಲು ನೆಟ್ಟರು. ಹಳ್ಳದ ನೀರು ಆ ಕಲ್ಲಿನ ಬುಡಕ್ಕೆ ಬಂದರೆ ಏಳುವುದು ಎಂದು ಊರವರು ಗುಡಿಯಲ್ಲಿ ಕೂತು ಮಾತಾಡಿಕೊಂಡರು. ಬಸಣ್ಣ ಆ ಕಲ್ಲಿಗೂ ವಿಭೂತಿ ಬಳಿದರು. ಈಗ ಅವರಿಗೆ ಎರಡು ಕಡೆ ಕೆಲಸ.

ನಮ್ಮ ಯೋಜನೆಯನ್ನು ಕೂತು ಮತ್ತೆ ಬರೆದೆವು. ಶಾಲೆ ಹಾಗೇ ಇತ್ತು, ಆದರೆ ಅದರ ಮುಂಚೆ ಮನೆಗೆ ಮನೆ. ಕೆಳಕೇರಿಯ ಒಂದೊಂದು ಮನೆಗೂ ಮೇಲ್ಕೇರಿಯ ಒಂದೊಂದು ಮನೆ. ಮಳೆ ಹಿಡಿಯುವ ಮುಂಚೆಯೇ ಮೇಲಿನವರು ಕೆಳಗೆ ಹೋಗಿ ಕರೆದು ಬರಬೇಕು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಆ ಪುಟದ ಮೇಲೆ ಬೆರಳಿಟ್ಟು, "ಇದೇನಮ್ಮ, ವಿಪತ್ತು ನಿರ್ವಹಣೆಯಲ್ಲಿ ಬಚ್ಚಲು, ಹಂಡೆ, ಕುಂಕುಮ?" ಎಂದು ಕೇಳಿದರು. ಹಾಲಪ್ಪ ಮೇಷ್ಟ್ರು ಮೀಸೆಯಲ್ಲೇ ನಗುತ್ತಾ ಕೂತಿದ್ದರು, ಸಹಾಯಕ್ಕೆ ಬರಲಿಲ್ಲ. ಶಶಿ ಕೇಳಿದಳು, "ಸರ್, ನಿಮ್ಮನ್ನ ಇವತ್ತು ಇಲ್ಲಿಗೆ ಹೆಂಗೆ ಕರೆಸಿದ್ರು?" ಅವರು, "ಪತ್ರ ಬರೆದು, ಫೋನ್ ಮಾಡಿ, ಸ್ಟೇಷನ್ನಿಗೆ ಬಂದು..." ಎಂದು ಹೇಳುತ್ತಾ ಹೇಳುತ್ತಾ ನಿಂತರು. ಆಮೇಲೆ ಅವರೂ ನಕ್ಕರು. ಒಳ್ಳೆಯ ಅಂಕಗಳೇ ಬಂದವು.

ವಿಶಾಲಾಕ್ಷಮ್ಮನವರಿಗೆ ಇಷ್ಟು ಹೇಳುವ ಹೊತ್ತಿಗೆ ಶಶಿಯ ಕೂಸು ನಿದ್ದೆ ಹೋಗಿತ್ತು. "ಆ ಕೂಸಿನ ತೊಟ್ಟಿಲು ಎಲ್ಲಿ ಮಾಡಿದ್ರು?" ಎಂದು ಅವರು ಕೇಳಿದರು.

ಮನೆ ರಿಪೇರಿಯಾದ ಮೇಲೆ, ಐದನೇ ತಿಂಗಳಲ್ಲಿ, ರತ್ನಕ್ಕನ ಮನೆಯಲ್ಲೇ ಮಾಡಿದರು. ನಮ್ಮಿಬ್ಬರನ್ನು ಫೋನಿನಲ್ಲಿ ಕರೆದರು. "ಏನು ರತ್ನಕ್ಕ, ಫೋನಾಗೆ ಕರೀತೀರಿ?" ಎಂದು ಶಶಿ ಛೇಡಿಸಿದ್ದಕ್ಕೆ, "ಮನಿ ಮಕ್ಕಳಿಗೆ ಎಂಥಾ ಕರೆಯೋದು, ಬೆಳಗಿನ ಬಸ್ಸಿಗೇ ಬರ್ರಿ, ಕಾಯಿ ತುರಿಯೋದೈತೆ" ಅಂದರು.

ಹೆಸರು ಹೇಳಬೇಕಾದ ಸೋದರತ್ತೆ ತುಂಬು ಬಸುರಿ, ಬರಲಾಗಿರಲಿಲ್ಲ. 'ಮಂಜಿ ಹೇಳ್ಲಿ' ಎಂದು ಸುಮಾ ಒಳಗಿನಿಂದಲೇ ಹೇಳಿದಳು. ನಾನು ತೊಟ್ಟಿಲ ಮೇಲೆ ಬಗ್ಗಿ, ಸುಮಾಳ ಗಂಡನ ಮನೆಯವರು ಆರಿಸಿದ್ದ 'ಅನ್ವಿತಾ' ಎಂಬ ಹೆಸರನ್ನು ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿದೆ. ಹೇಳಿದವರ ಬೆನ್ನಿಗೆ ಗುದ್ದುವುದು ಪದ್ಧತಿ. ಒಂದು ಕಡೆಯಿಂದ ರತ್ನಕ್ಕ, ಇನ್ನೊಂದು ಕಡೆಯಿಂದ ಶಾರದಮ್ಮ ಸೇರಿ ಗುದ್ದಿದರು. ಗುದ್ದುಗಳು ಚೆನ್ನಾಗಿಯೇ ಬಿದ್ದವು. ಕೂಸು ಒಮ್ಮೆ ಕಣ್ಣು ಬಿಟ್ಟು ನಮ್ಮೆಲ್ಲರನ್ನೂ ನೋಡಿ, ಮತ್ತೆ ಮಲಗಿತು.